ಪೀಠದ ಕೆಳಗಿನ ತಗಡು

ಆ ಫೋನಿನ ಟಾರ್ಚ್ ಆರಿಸಪ್ಪ ಸಮರ್ಥ್, ಕಣ್ಣಿಗೆ ಚುಚ್ಚುತ್ತೆ. ಕರೆಂಟ್ ಬರೋವರೆಗೆ ಒಂದು ಮೇಣದಬತ್ತಿ ಸಾಕು. ಕ್ಷಮಾ, ನೀನು ನನ್ನ ಬಲಗಡೆ ಬಂದು ಕೂತ್ಕೋ… ಎಡಗಡೆ ಬೇಡ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಕೇಶವ ದೊಡ್ಡಪ್ಪ ಹೇಗೆ ಹೋದರು ಅಂತ ಎರಡು ವರ್ಷದಿಂದ ಕೇಳ್ತಿದೀಯ. ಒದ್ದೆ ಕಾಲಲ್ಲಿ ಬೇಸ್‌ಮೆಂಟಿನ ಮೆಟ್ಟಿಲು ಇಳಿಯೋವಾಗ ಜಾರಿದರು, ಕತ್ತು ಮುರೀತು ಅಂತ ಹೇಳಿದ್ದೆ. ಕತ್ತು ಮುರಿದದ್ದು ನಿಜ. ಜಾರಿದ್ದು ಸುಳ್ಳು.

ಸಮರ್ಥ್ ನಮ್ಮ ಅಳಿಯ ಆಗೋ ಮುಂಚಿನ ಕತೆ, ಹಾಗಾಗಿ ಮೊದಲಿಂದ ಹೇಳ್ತೀನಿ. ರಮಾಮಣಿ ನನ್ನ ದೊಡ್ಡಮ್ಮನ ಮಗಳು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನನಗೆ ರಮಕ್ಕ. ಅವಳ ಗಂಡ ಕೇಶವಮೂರ್ತಿ ನನಗೆ ಭಾವ. ವೆಸ್ಟ್ ವಿಂಡ್ಸರಿನಲ್ಲಿ ಅವರ ಟೌನ್‌ಹೌಸು, ಇಲ್ಲಿಂದ ಎಂಟು ನಿಮಿಷ. ನಾನು ಕ್ರ್ಯಾನ್‌ಬರಿಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಆಸಿಡ್ಡು ಅಳೆದವಳು. ದೆವ್ವ ಗಿವ್ವ ಅಂತ ಯಾರಾದರೂ ಬಾಯಿ ತೆಗೆದರೆ ಮುಖ ಮುರಿಯೋ ಹಾಗೆ ಉತ್ತರ ಕೊಡ್ತಿದ್ದವಳು. ಅದನ್ನ ನೆನಪಿಟ್ಟುಕೊಂಡು ಕೇಳಿ.

ಭಾವ ಕೆಲಸಕ್ಕೆ ದಿನಾ ಟ್ರೈನಿನಲ್ಲಿ ನ್ಯೂಯಾರ್ಕಿಗೆ ಹೋಗಿ ಬರ್ತಿದ್ದರು. ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ಇಳಿದು ಮನೆಗೆ ನಡೆದೇ ಬರ್ತಿದ್ದರು. ಇಪ್ಪತ್ತು ನಿಮಿಷದ ದಾರಿ. ಕೊನೆಗೆ ಅವರ ಮನೆಗಳ ಹಿಂದೆ ಒಂದು ಕೊಳ ಸಿಗುತ್ತೆ. ಕೊಳ ಅಂದರೆ ಕೊಳವೂ ಅಲ್ಲ, ಮಳೆ ನೀರು ರಸ್ತೆಗೆ ನುಗ್ಗದ ಹಾಗೆ ಬಿಲ್ಡರ್ ತೋಡಿಸಿದ ಹಳ್ಳ. ಮಂಡಿಯುದ್ದ ನೀರು, ಸುತ್ತ ಜೊಂಡು, ವರ್ಷವಿಡೀ ಗಲೀಜು ಮಾಡೋ ಬಾತುಗಳು.

ಅಕ್ಟೋಬರ್ ಕೊನೆಯ ವಾರ. ಟ್ರೈನ್ ಲೇಟಾಗಿ ಒಂಬತ್ತು ದಾಟಿತ್ತು. ಕೊಳದ ಹತ್ತಿರ ಬಂದಾಗ ಭಾವನಿಗೆ ಮೊದಲು ಅನ್ನಿಸಿದ್ದು… ಬಾತುಗಳ ಸದ್ದೇ ಇಲ್ಲ. ಒಂದೂ ಇಲ್ಲ. ಆಮೇಲೆ ನೀರಿನ ಕಡೆಯಿಂದ ಒಂದು ಸದ್ದು. ಟಿಣ್… ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಿಣ್… ಬಳೆ ಕಲ್ಲಿಗೆ ತಾಗಿದ ಹಾಗೆ. ಆದರೆ ಗಾಜಿನ ಬಳೆಯಲ್ಲ, ಅದಕ್ಕಿಂತ ದಪ್ಪ.

ನೀರಿನ ನಡುವೆ ಒಬ್ಬಳು ಮುದುಕಿ ಬಗ್ಗಿ ನಿಂತಿದ್ದಳು. ಮೈಮೇಲೆ ಬೂದು ಬಣ್ಣದ ಸ್ವೆಟರು. ಎರಡೂ ಕೈ ನೀರೊಳಗೆ ಹಾಕಿ ಏನನ್ನೋ ತಡಕ್ತಿದ್ದಳು.

ನಮ್ಮ ಭಾವ ಎಂಥ ಮನುಷ್ಯ ಅಂತ ನಿನಗೆ ಗೊತ್ತು. ಇರುವೆ ಸಾಲು ಕಂಡರೂ ದಾಟಿಕೊಂಡು ಹೋಗೋರು. ಬ್ಯಾಗು ದಡದಲ್ಲಿಟ್ಟು ಕೇಳಿದರು, "ಮ್ಯಾಮ್, ಆರ್ ಯು ಓಕೆ?"

ಅವಳು ತಲೆ ಎತ್ತಲಿಲ್ಲ. ಪಿಸುಗುಟ್ಟಿದಳು.

"ವೇರ್ ಈಸ್ ಮೈನ್?"

ಏನು ಕಳೆದುಕೊಂಡಿರಿ ಅಂತ ಕೇಳ್ತಾ ಭಾವ ನೀರಿಗಿಳಿದು ಕೈ ಚಾಚಿದರು, ದಡಕ್ಕೆ ಹತ್ತಿಸೋಣ ಅಂತ.

ಆಗ ಹಿಡಿದಳು. ಚಟ್… ಅದು ಮಣಿಕಟ್ಟು. ಲೊಟಕ್… ಅದು ಭುಜ, ಕೀಲಿನಿಂದ ಕಳಚಿದ್ದು. ಇನ್ನೊಂದು ಕೈಯನ್ನೂ ಹಾಗೇ ತಿರುಚಿದಳು. ಮುಖವನ್ನ ಕೆಸರಿಗೆ ಒತ್ತಿ, ಬೆನ್ನ ಮೇಲೆ ಮಂಡಿ ಊರಿ ಕೂತಳು. ಭಾವ ಹೇಳಿದರು, "ಕೂತವಳು ಏಳಲೇ ಇಲ್ಲ ನಳಿನಿ."

ನಾಯಿ ವಾಕಿಂಗಿಗೆ ಬಂದ ಹುಡುಗಿಯೊಬ್ಬಳು ಕಂಡು 911ಕ್ಕೆ ಫೋನ್ ಮಾಡಿದಳು. ಭಾವನ ಹೆಚ್‌ಎಂಟಿ ವಾಚು ನೀರು ಹೊಕ್ಕು ನಿಂತದ್ದು ಒಂಬತ್ತು ಹನ್ನೆರಡಕ್ಕೆ. ಅವರನ್ನ ಮೇಲೆತ್ತಿದ್ದು ಹತ್ತು ಗಂಟೆಗೆ. ಮುಖ ನೀರೊಳಗೆ, ಅಷ್ಟು ಹೊತ್ತು… ಆಂಬುಲೆನ್ಸಿನವರು ಮೇಲೆ ಬಟ್ಟೆ ಎಳೆಯೋಕೆ ಹೋದಾಗ ಭಾವ ಒಂದು ಬೊಗಸೆ ಕೆಸರು ಕಾರಿ ಎದ್ದು ಕೂತರಂತೆ. "ನನ್ನ ಬ್ಯಾಗೆಲ್ಲಿ?" ಅಂದರಂತೆ, ಅದೂ ಕನ್ನಡದಲ್ಲಿ.

ಆಸ್ಪತ್ರೆಯಲ್ಲಿ ನಾವೆಲ್ಲ ದೇವರು ದೊಡ್ಡವನು ಅಂದ್ವಿ. ರಮಕ್ಕ ಕಣ್ಣೊರೆಸಿಕೊಂಡು, "ನಮ್ಮ ಧನ್ವಂತರಿ ಕಾಪಾಡಿದ" ಅಂದಳು.

ಆ ಧನ್ವಂತರಿ ಎಲ್ಲಿಂದ ಬಂದ ಅಂತ ಈಗ ಹೇಳಬೇಕು.

ಭಾವನ ಮನೆಯಲ್ಲಿ ಗಂಡಸರು ಅರವತ್ತು ಮುಟ್ಟಿಲ್ಲ. ತಂದೆ ಐವತ್ತೊಂಬತ್ತಕ್ಕೆ ಹೋದರು, ಅಣ್ಣನೂ ಐವತ್ತೊಂಬತ್ತಕ್ಕೆ. ಭಾವನಿಗೆ ಆಗ ಅದೇ ವಯಸ್ಸು, ಜನವರಿಗೆ ಷಷ್ಟಿಪೂರ್ತಿ. ರಮಕ್ಕ ರಾತ್ರಿ ಎದ್ದು ಗಂಡನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡ್ತಿದ್ದಳು. ನನ್ನ ಹತ್ತಿರ ಹೇಳಿಕೊಂಡು ಅತ್ತಿದಾಳೆ. ಅದೇ ಬೇಸಿಗೆಯಲ್ಲಿ ನನಗೂ ಎದೆಯಲ್ಲಿ ಗಂಟು ಸಿಕ್ಕಿತ್ತು. ಬಯಾಪ್ಸಿ ರಿಸಲ್ಟ್ ಕೆಟ್ಟದಾಗಿತ್ತು. ನಿನಗೆ ಅರ್ಧ ಮಾತ್ರ ಹೇಳಿದ್ದೆ ಕ್ಷಮಾ, ರಮಕ್ಕನಿಗೆ ಪೂರ್ತಿ ಹೇಳಿದ್ದೆ.

ಅಕ್ಟೋಬರ್ ಮೊದಲಲ್ಲಿ ಪ್ರಿನ್ಸ್‌ಟನ್ನಿನ ಒಂದು ಹಳೇ ಮನೆಯಲ್ಲಿ ಎಸ್ಟೇಟ್ ಸೇಲ್, ಮನೆ ಸಾಮಾನೆಲ್ಲ ಅಲ್ಲೇ ಇಟ್ಟು ಮಾರೋದು. ನನಗೊಂದು ಬೀರು ಬೇಕಿತ್ತು, ಇಬ್ಬರೂ ಹೋದ್ವಿ. ಚೀನೀ ಅಜ್ಜಿಯೊಬ್ಬರ ಮನೆ. ಒಳಗೆ ಕಾಲಿಟ್ಟರೆ ಗೋಡೆ ತುಂಬ ಕೊಕ್ಕರೆ, ಪೈನ್ ಮರ, ಆಮೆ, ಪೀಚ್ ಹಣ್ಣು, ಬಾಯಲ್ಲಿ ಅಣಬೆ ಕಚ್ಚಿಕೊಂಡ ಜಿಂಕೆಯ ಚಿತ್ರಗಳು. ಮಂಚದ ಹೊದಿಕೆಯಲ್ಲಿ ಒಂದೇ ಅಕ್ಷರವನ್ನ ನೂರು ಥರ ಕಸೂತಿ ಹಾಕಿದ್ದರು. ಸಾಮಾನು ಮಾರ್ತಿದ್ದವಳು ಮೊಮ್ಮಗಳು, ಗ್ರೇಸ್ ಅಂತ. ಆ ಅಕ್ಷರ ಏನು ಅಂತ ಕೇಳಿದೆ. "ದೀರ್ಘಾಯುಷ್ಯ" ಅಂದಳು. "ಈ ಮನೆಯಲ್ಲಿರೋ ಎಲ್ಲದರ ಅರ್ಥವೂ ಅದೇ." ನಗಲಿಲ್ಲ.

ಶೆಲ್ಫಿನ ಮೇಲೆ ಅದು ಕೂತಿತ್ತು. ಕಂಚಿನ ವಿಗ್ರಹ, ಮೈತುಂಬ ಚಿನ್ನದ ನೀರು. ಒಂದು ಗೇಣಿಗಿಂತ ಸ್ವಲ್ಪ ಎತ್ತರ. ಪದ್ಮಾಸನ ಹಾಕಿದೆ, ತಲೆಗೆ ಕಿರೀಟ, ಕಿವಿಗೆ ಓಲೆ. ಮಡಿಲಲ್ಲಿ ಎರಡು ಅಂಗೈ ಒಂದರ ಮೇಲೊಂದು, ಅದರ ಮೇಲೊಂದು ಪುಟ್ಟ ಕಲಶ.

ರಮಕ್ಕ ನನ್ನ ತೋಳು ಹಿಂಡಿದಳು. "ಅಮೃತ ಕಲಶ ಕಣೇ ನಳಿನಿ! ಧನ್ವಂತರಿ!"

"ಬುದ್ಧ ಇರಬೇಕು ರಮಕ್ಕ."

"ಬುದ್ಧನಿಗೆ ಯಾಕೆ ಕಿರೀಟ? ಸುಮ್ನಿರೇ."

ಬುದ್ಧನೇ ಅಂದಳು ಗ್ರೇಸ್. ಅಮಿತಾಯುಸ್ ಅಂತ ಹೆಸರು, ಕೊನೆಯಿಲ್ಲದ ಆಯುಸ್ಸು ಕೊಡೋ ಬುದ್ಧ. ಇನ್ನೂರೈವತ್ತು ವರ್ಷದ ಹಿಂದೆ ಅಲ್ಲಿಯ ಚಕ್ರವರ್ತಿಯೊಬ್ಬ ತಾಯಿಯ ಹುಟ್ಟುಹಬ್ಬಕ್ಕೆ ಅಂತ ಇಂಥವನ್ನ ರಾಶಿ ರಾಶಿ ಮಾಡಿಸಿದ್ದನಂತೆ. "ನಮ್ಮಜ್ಜಿ ದಿನಾ ಇದಕ್ಕೆ ಕೈಮುಗೀತಿದ್ದಳು. ಅವಳಿಗೆ ನೂರ ನಾಲ್ಕು."

ನೂರ ನಾಲ್ಕು! ರಮಕ್ಕನ ಕಣ್ಣಲ್ಲಿ ನೀರು ಬಂತು. ಟೋಸ್ಟರಿನ ಬೆಲೆಗೆ ಅದನ್ನ ಕೊಂಡು, ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಕಾರಿಗೆ ಬಂದಳು. ಎಸ್ಟೇಟ್ ಸೇಲ್ ಅಂದರೆ ಸತ್ತವರ ಮನೆಯದು ಅಂತ ನಾವಿಬ್ಬರೂ ಅಂದುಕೊಂಡಿದ್ವಿ. ಅಜ್ಜಿ ಎಲ್ಲಿ ಅಂತ ಒಂದು ಮಾತು ಕೇಳಲಿಲ್ಲ. ಕೇಳಬೇಕಿತ್ತು.

ಮಾರನೇ ವಾರ ನಾನು ಅವಳ ಮನೆಗೆ ಹೋದರೆ, ಪುಣ್ಯಾತ್ಮಳು ಸಿಂಕಿನ ಮುಂದೆ ನಿಂತು ಹುಣಸೆಹಣ್ಣು ಹಾಕಿ ತಿಕ್ತಿದಾಳೆ! ನೆನೆಸಿದ ಹುಣಸೆಹಣ್ಣು, ಮೇಲೆ ಪಾತ್ರೆ ಉಜ್ಜೋ ಪುಡಿ. ಅಷ್ಟು ವರ್ಷ ಉಳಿದಿದ್ದ ಚಿನ್ನ ಮೂಗಿನ ಮೇಲಿಂದ, ಕೆನ್ನೆ ಮೇಲಿಂದ ಎದ್ದು ಸಿಂಕಿನಲ್ಲಿ ಹರಿದುಹೋಯ್ತು. ನಾನು ಕಿರುಚಿದೆ. "ಆಸಿಡ್ಡು ಕಣೇ ಅದು!"

"ದೇವರ ವಿಗ್ರಹ ತೊಳೆಯೋಕೆ ನಿನ್ನ ಕೆಮಿಸ್ಟ್ರಿ ಬೇಡ. ಒಳಗೆ ಏನೋ ಇದೆ ಕೇಳು."

ಅಲ್ಲಾಡಿಸಿದಳು. ಸರ ಸರ… ಟಕ್. ಸರ ಸರ… ಟಕ್.

ಎಡಿಸನ್ ಊರಿನ ದೇವಸ್ಥಾನದ ಭಟ್ಟರಿಗೆ ಫೋನ್ ಮಾಡಿದಳು. ಬೇರೆಯವರ ಸಂಕಲ್ಪ ಒಳಗಿದ್ದರೆ ನಿಮ್ಮ ಪೂಜೆಯ ಫಲ ಅವರಿಗೆ ಸೇರುತ್ತೆ, ತೆಗೆದು ನೀರಿಗೆ ಬಿಡಿ, ನಿಮ್ಮವರ ಹೆಸರು ಗೋತ್ರ ನಕ್ಷತ್ರ ಬರೆದಿಡಿ ಅಂದರು. ಅವರನ್ನ ಬೈಯೋ ಹಾಗಿಲ್ಲ, ನಮ್ಮಲ್ಲಿ ಯಾರನ್ನ ಕೇಳಿದ್ದರೂ ಹಾಗೇ ಹೇಳ್ತಿದ್ದರು.

ಪೀಠದ ಕೆಳಗೆ ತಾಮ್ರದ ತಗಡು ಕೂರಿಸಿದ್ದರು. ಅದರ ಮೇಲೆ ಎರಡು ವಜ್ರಾಯುಧ, ಅಡ್ಡಡ್ಡ ಕೆತ್ತಿದ್ದು. ರಮಕ್ಕ ಸ್ಕ್ರೂಡ್ರೈವರ್ ತುರುಕಿ ಮೀಟಿದಳು. ಕಟಕ್ ಅಂತ ಎದ್ದುಬಂತು. ಒಳಗೆ ಕಪ್ಪಾದ ಅಕ್ಕಿಕಾಳು, ಹಳದಿ ರೇಷ್ಮೆಯ ಒಂದು ಸಣ್ಣ ಗಂಟು. ಗಂಟಿನಲ್ಲಿ ಕೂದಲ ಸುರುಳಿ, ಕೆಂಪು ಶಾಯಿಯಲ್ಲಿ ಏನೋ ಬರೆದ ಕಾಗದ.

ಕಸದ ಬುಟ್ಟಿಗೆ ಹಾಕೋಕೆ ನಮಗೆ ಕೈ ಬರಲ್ಲ. ಯಾರ ಪೂಜೆಯದೋ, ಕಾಲಿಗೆ ಸಿಗಬಾರದು, ನೀರಿಗೇ ಬಿಡಬೇಕು. ರಮಕ್ಕ ಹಳೇ ಹೂವು, ಹರಿದ ಪಟ ಎಲ್ಲ ಬಿಡ್ತಿದ್ದದ್ದು ಹಿತ್ತಲಿನ ಆ ಕೊಳಕ್ಕೇ, ಅಕ್ಕಪಕ್ಕದವರು ನೋಡದ ಹೊತ್ತಲ್ಲಿ. ಇದನ್ನೂ ಹಾಗೇ ಮಾಡಿದಳು. ಅಕ್ಟೋಬರ್ ಹದಿನಾಲ್ಕು, ದೀಪ ಹಚ್ಚೋ ಹೊತ್ತು, ಆರೂವರೆ. ನಾನು ಪಕ್ಕದಲ್ಲೇ ಇದ್ದೆ. ಗಂಟು ಬುಳುಕ್ ಅಂತ ಮುಳುಗಿತು. ಕೊಳದಲ್ಲಿ ಒಂಟಿ ಕೊಕ್ಕರೆ ನಿಂತಿತ್ತು, ಕ್ರಾಕ್ ಅಂತ ಕೂಗಿ ಹಾರಿಹೋಯ್ತು.

ನಾನು ಮನೆಗೆ ಬಂದೆ. ಅವಳು ಭಾವನ ಹೆಸರು ಬರೆದು, ಅರಿಶಿನದ ದಾರ ಸುತ್ತಿ ಒಳಗಿಟ್ಟು, ತಗಡು ಒತ್ತಿ ಮುಚ್ಚಿ, ಬೇಸ್‌ಮೆಂಟಿನ ದೇವರ ಗೂಡಿನಲ್ಲಿ ಕೂರಿಸಿದಳು. ಆಮೇಲೆ ಹನ್ನೆರಡು ದಿನಕ್ಕೆ ಭಾವ ಕೊಳದಲ್ಲಿ ಸಿಕ್ಕಿದ್ದು.

ಎರಡನೇ ಸಲ ನವೆಂಬರಿನಲ್ಲಿ. ಶನಿವಾರ ಬೆಳಗ್ಗೆ, ಬಿಸಿಲಿತ್ತು. ರಮಕ್ಕ ಮೇಲೆ ಸ್ನಾನಕ್ಕೆ ಹೋಗಿದ್ದಳು. ಕೆಳಗೆ ಅಡುಗೆಮನೆಯಿಂದ ಕುಟ್ಟಾಣಿ ಸದ್ದು ಕೇಳಿಸಿತು. ಟೊಕ್… ಟೊಕ್… ಟೊಕ್. ಕೈಗಳಿನ್ನೂ ಸರಿಹೋಗಿಲ್ಲ, ಆದರೂ ಪಾಪ ನನಗೋಸ್ಕರ ಟೀಗೆ ಏಲಕ್ಕಿ ಕುಟ್ತಿದಾರೆ ಅಂದುಕೊಂಡಳಂತೆ. ಏಲಕ್ಕಿಗೆ ಎರಡು ಏಟು ಸಾಕು ತಾನೆ? ಅದು ನಿಲ್ಲಲಿಲ್ಲ. ಟೊಕ್… ಟೊಕ್… ಆಮೇಲೆ ಸದ್ದು ಬದಲಾಯ್ತು. ಪಚ್… ಪಚ್…

ಇಳಿದು ಬಂದರೆ ಭಾವ ನೆಲದ ಮೇಲೆ ಕೂತಿದಾರೆ. ಎಡಗೈ ಕಲ್ಲಿನ ಕುಟ್ಟಾಣಿಯೊಳಗೆ. ಬೆರಳು ಅಂತ ಏನೂ ಉಳಿದಿರಲಿಲ್ಲ ಕ್ಷಮಾ… ಹಣೆಯ ಎಡಭಾಗ ಒಳಕ್ಕೆ ಹೋಗಿತ್ತು. ರಕ್ತ ಫ್ರಿಜ್ಜಿನ ಕೆಳಗಿನವರೆಗೂ ಹರಿದಿತ್ತು. ಹಿತ್ತಲ ಬಾಗಿಲಿಂದ ಅಡುಗೆಮನೆವರೆಗೆ ನೀರಿನ ಹೆಜ್ಜೆ. ಭಾವ ಕಣ್ಣು ಬಿಟ್ಟುಕೊಂಡೇ ಇದ್ದರು. ಕಿರುಚಬಾರದು ಅಂತ ಬಾಯಿಗೆ ಒದ್ದೆ ಸ್ವೆಟರಿನ ತೋಳು ತುರುಕಿದ್ದಳಂತೆ.

ಡಾಕ್ಟರು ಕೈಚೆಲ್ಲಿದರು, ಇಷ್ಟು ರಕ್ತ ಹೋದಮೇಲೆ ಬದುಕಿರೋದು ಹೇಗೆ ಅಂತ. ಆದರೆ ಬದುಕಿದ್ದರು. ಆಸ್ಪತ್ರೆಯ ಸೋಷಿಯಲ್ ವರ್ಕರ್ ರಮಕ್ಕನನ್ನ ಹೊರಗೆ ಕಳಿಸಿ ಭಾವನನ್ನ ಕೇಳಿದಳು, ಮನೆಯಲ್ಲಿ ನೀವು ಸೇಫಾ ಅಂತ. ಇರುವೆ ದಾಟಿಕೊಂಡು ಹೋಗೋ ಮನುಷ್ಯನನ್ನ ಹೆಂಡತಿ ಹೊಡೀತಾಳೆ ಅಂತ! ರಮಕ್ಕ ಕಾರಿಡಾರಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೆ ಆ ಹೆಂಗಸಿನ ಮೇಲೆ ಎಂಥ ಸಿಟ್ಟು ಬಂತು ಅಂದರೆ… ಹೋಗಲಿ ಬಿಡಿ. ಅವಳ ಕೆಲಸ ಅವಳು ಮಾಡಿದಳು.

ಭಾವ ನನಗೆ ಮಾತ್ರ ಹೇಳಿದರು. "ಅದೇ ಮುದುಕಿ. ಕೈಯಲ್ಲಿ ಹಸಿರು ಕಲ್ಲಿನ ಬಳೆ."

ಎಸ್ಟೇಟ್ ಸೇಲಿನ ಮನೆಯಲ್ಲಿ ಫೋಟೋ ನೋಡಿದ್ದೆ. ಅಜ್ಜಿ ಕುರ್ಚಿಯಲ್ಲಿ ಕೂತಿದ್ದರು, ಬೂದು ಸ್ವೆಟರು, ಮುಂಗೈಗೆ ದಪ್ಪ ಹಸಿರು ಬಳೆ.

ಆ ಸೇಲಿನ ರಸೀದಿಯಲ್ಲಿ ಗ್ರೇಸ್ ನಂಬರಿತ್ತು. ಡಿಸೆಂಬರಿನಲ್ಲಿ ಪ್ರಿನ್ಸ್‌ಟನ್ನಿನ ಒಂದು ಕಾಫಿ ಅಂಗಡಿಯಲ್ಲಿ ಸಿಕ್ಕಳು. ಅಜ್ಜಿಗೆ ಅರವತ್ತು ತುಂಬಿದಾಗ ಅವಳ ಕೂದಲು, ಹೆಸರು, ಹುಟ್ಟಿದ ಗಳಿಗೆ ಬರೆದು ಯಾರೋ ಅದರೊಳಗೆ ಇಟ್ಟು ಮುಚ್ಚಿದ್ದರಂತೆ. ಅವರ ಲೆಕ್ಕದಲ್ಲೂ ಅರವತ್ತಕ್ಕೆ ಒಂದು ಸುತ್ತು ಮುಗಿಯುತ್ತೆ, ನಮ್ಮ ಸಂವತ್ಸರದ ಹಾಗೇ. "ಎಲ್ಲರೂ ಹಾಗೆ ಇಡಲ್ಲ. ಯಾರು ಇಟ್ಟರು ಅಂತ ನಮಗೆ ಗೊತ್ತಿಲ್ಲ," ಅಂದಳು. "ನಾಲ್ಕು ಮಕ್ಕಳನ್ನ ಮಣ್ಣು ಮಾಡಿದಳು. ತೊಂಬತ್ತಾರಕ್ಕೆ ಕಾರು ಮೇಲೆ ಹರೀತು, ಎದ್ದು ಕೂತಳು. ಅವಳಿಗೆ ಸಾಯೋಕೆ ಇಷ್ಟವೇ ಇರಲಿಲ್ಲ. ನರ್ಸಿಂಗ್ ಹೋಮಿಗೆ ಸೇರಿಸಿ ಮನೆ ಮಾರಿದೆ. ಅದು ಶೆಲ್ಫಿನ ಮೇಲೆ ಇದೆ ತಾನೆ ಅಂತ ದಿನಾ ಕೇಳ್ತಿದ್ದಳು. ಇದೆ ಅಂತ ಸುಳ್ಳು ಹೇಳ್ತಿದ್ದೆ."

"ಯಾವಾಗ ಹೋದರು?"

"ಅಕ್ಟೋಬರ್ ಹದಿನಾಲ್ಕು. ಸಂಜೆ ಆರೂವರೆ. ಹಾಸಿಗೆ ಒಣಗೇ ಇತ್ತು… ಬಾಯಿಂದ ನೀರು ಬಂತು. ಕೊಳಕು ನೀರು. ಯಾರೂ ನನಗೆ ಅರ್ಥ ಹೇಳಲಿಲ್ಲ."

ನನಗೆ ಅರ್ಥ ಆಯ್ತು. ಬದುಕಿದ್ದ ಮುದುಕಿಯನ್ನ ನಾವು ನೀರಿಗೆ ಹಾಕಿದ್ವಿ. ಕೈಮುಗಿದು ಹಾಕಿದ್ವಿ.

ನೇರ ರಮಕ್ಕನ ಮನೆಗೆ ಹೋಗಿ ಹೇಳಿದೆ. ಇಬ್ಬರೂ ರಬ್ಬರ್ ಬೂಟು ಹಾಕಿಕೊಂಡು ಕೊಳಕ್ಕಿಳಿದು ಕತ್ತಲಾಗೋವರೆಗೆ ಗಂಟು ಹುಡುಕಿದ್ವಿ. ಸಿಗಲಿಲ್ಲ. ಹಾಗಾದರೆ ತಗಡು ತೆಗೆದು ಭಾವನ ಹೆಸರು ಹೊರಗೆ ಹಾಕೋಣ ಅಂದೆ.

ರಮಕ್ಕ ನನ್ನ ಮುಂದೆ ಅಡ್ಡ ನಿಂತಳು. "ತೆಗೆದ ಗಳಿಗೇಲಿ ಆ ಅಜ್ಜಿ ಹೋದಳು ಅಂತ ನೀನೇ ಹೇಳ್ತೀಯ. ಇವರೂ ಹೋಗ್ತಾರೆ."

"ಒಳಗಿದ್ದರೆ ಅವಳು ಬಿಡಲ್ಲ ರಮಕ್ಕ. ಮುರಿದು ಮುರಿದು ಹಾಕ್ತಾಳೆ."

"ಮುರೀಲಿ. ಕಟ್ಟು ಹಾಕಿಸ್ತೀನಿ. ನನಗೆ ಇವರು ಬದುಕಿರಬೇಕು ಅಷ್ಟೆ."

ಮುಖ ನೋಡೋ ಹಾಗಿರಲಿಲ್ಲ. ಅಷ್ಟು ಪ್ರೀತಿ ಕಂಡು ನನಗೆ ಹೆದರಿಕೆಯಾದದ್ದು ಅದೇ ಮೊದಲು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಅದೇ ಡಿಸೆಂಬರಿನಲ್ಲಿ ನನ್ನ ಸ್ಕ್ಯಾನ್ ಕ್ಲೀನ್ ಬಂತು. ಆಪರೇಷನ್ನಿಗೆ ಡೇಟ್ ಕೊಟ್ಟಿದ್ದರು, ಆದರೆ ಕತ್ತರಿಸೋಕೆ ಗಂಟೇ ಇರಲಿಲ್ಲ. ಸರ್ಜನ್ ಹಳೇ ಫಿಲ್ಮು ಹೊಸ ಫಿಲ್ಮು ಪಕ್ಕಪಕ್ಕ ಇಟ್ಟು ತಲೆ ಕೆರೆದುಕೊಂಡ. ನಾನು ಕಾರಿನಲ್ಲಿ ಕೂತು ಜೋರಾಗಿ ಹಾಡಿಕೊಂಡು ಬಂದೆ. ಯಾಕೆ ಹೀಗಾಯ್ತು ಅಂತ ಕೇಳಲಿಲ್ಲ. ಒಳ್ಳೆಯದಾದಾಗ ಯಾರು ಕಾರಣ ಕೇಳ್ತಾರೆ?

ಜನವರಿ ಹದಿನೆಂಟು, ಷಷ್ಟಿಪೂರ್ತಿ. ಹೊರಗೆ ಮೊಳಕಾಲುದ್ದ ಹಿಮ, ಒಳಗೆ ನಲವತ್ತು ಜನ. ಕಲಶದ ನೀರು ಹಾಕೋಕೆ ಮನೆಯೊಳಗೆ ಕಾರ್ಪೆಟ್ಟು, ಆಗಲ್ಲ. ಗರಾಜಿನಲ್ಲಿ ಟಾರ್ಪಾಲು ಹಾಸಿ, ಎರಡು ಹೀಟರಿಟ್ಟು, ಗಂಡ ಹೆಂಡತಿಯನ್ನ ಕೂರಿಸಿ ಒಬ್ಬೊಬ್ಬರೂ ತಲೆ ಮೇಲೆ ನೀರು ಹಾಕಿದ್ವಿ. ನೀನು ಅವತ್ತು ಫ್ಲೈಟ್ ಕ್ಯಾನ್ಸಲ್ ಆಗಿ ಬರಲಿಲ್ಲ. ಭಾವನ ಎಡಗೈಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ವಿ. ಹಲ್ಲು ಕಟಕಟ ಅಂತಿದ್ದರೂ ನಗ್ತಿದ್ದರು. "ನೋಡಮ್ಮ ನಳಿನಿ, ಅರವತ್ತಾಯ್ತು," ಅಂದರು.

ಒಣಗಿದ ಪಂಚೆ ಬೇಸ್‌ಮೆಂಟಿನ ಡ್ರೈಯರಿನಲ್ಲಿತ್ತು. ನಾನು ಮುಂದೆ ಇಳಿದೆ, ಭಾವ ಹಿಂದೆ. ಮೇಲೆ ಭಟ್ಟರು ನೂರು ವರ್ಷ ಬಾಳಲಿ ಅನ್ನೋ ಆಶೀರ್ವಾದ ಗಟ್ಟಿ ಗಂಟಲಲ್ಲಿ ಶುರು ಮಾಡಿದ್ದರು.

ಟಿಣ್…

ಹಗಲು ಹನ್ನೊಂದು ಗಂಟೆ. ಟ್ಯೂಬ್‌ಲೈಟು ಉರೀತಿತ್ತು. ಡ್ರೈಯರಿನ ಪಕ್ಕ ನಿಂತಿದ್ದಳು. ನನ್ನ ಎದೆಯೆತ್ತರ. ಸ್ವೆಟರಿನಿಂದ ನೀರು ತೊಟ್ಟಿಕ್ತಿತ್ತು, ಕೂದಲಲ್ಲಿ ಜೊಂಡು ಸಿಕ್ಕಿಕೊಂಡಿತ್ತು. ನನ್ನ ಕಡೆ ನೋಡಲೂ ಇಲ್ಲ. ಭಾವನ ಒದ್ದೆ ಕೂದಲು ಹಿಡಿದು, ಮನೆ ಹೊತ್ತ ಕಬ್ಬಿಣದ ಕಂಬಕ್ಕೆ ತಲೆ ಬಡಿದಳು. ಢಣ್. ಮತ್ತೆ, ಢಣ್. ಕಂಬ ಇಡೀ ಮನೆಗೆ ಸದ್ದು ಕೊಡ್ತು. ಮೇಲಿನವರು ಘಂಟೆ ಅಂದುಕೊಂಡಿರಬೇಕು. ನಾನು ಸೋಪಿನ ಡಬ್ಬ ಎತ್ತಿ ಅವಳ ಬೆನ್ನಿಗೆ ಬೀಸಿದೆ. ಒದ್ದೆ ಮರಳಿನ ಮೂಟೆಗೆ ಹೊಡೆದ ಹಾಗಾಯ್ತು. ತಿರುಗಲಿಲ್ಲ. ಭಾವನ ಗದ್ದಕ್ಕೊಂದು ಕೈ, ನೆತ್ತಿಗೊಂದು ಕೈ ಇಟ್ಟಳು…

ಹಸಿ ಕಬ್ಬು ಮುರಿದ ಸದ್ದು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಭಾವ ಬೋರಲು ಬಿದ್ದರು. ಮುಖ ಮಾತ್ರ ಮೇಲಕ್ಕಿತ್ತು. ಮತ್ತೆ… ಬದುಕಿದ್ದರು. ಕಣ್ಣು ನನ್ನನ್ನ ಹುಡುಕ್ತು.

"ನಳಿನಿ… ತೆಗೆದುಬಿಡು."

"ಭಾವ…"

"ಸಾಕಮ್ಮ. ರಮಾಗೆ ಹೇಳಬೇಡ… ಜಾರಿದೆ ಅನ್ನು."

ಮುದುಕಿ ಪಕ್ಕಕ್ಕೆ ಸರಿದು ದೇವರ ಗೂಡಿಗೆ ದಾರಿ ಬಿಟ್ಟಳು. ವಿಗ್ರಹ ಎತ್ತಿಕೊಂಡೆ. ಟೂಲ್ ಬಾಕ್ಸಿನಿಂದ ಸ್ಕ್ರೂಡ್ರೈವರ್ ತೆಗೆದು ತಗಡು ಮೀಟಿದೆ. ಅದು ಜಾರಿ ಎರಡು ಸಲ ಅಂಗೈಗೇ ಚುಚ್ಚಿತು. ಕಟಕ್. ಒಳಗೆ ಅಕ್ಷತೆ, ಅರಿಶಿನದ ದಾರ, ದಾರ ಸುತ್ತಿದ ಕಾಗದದ ಸುರುಳಿ. ಒಳಗಿದ್ದ ಹಾಗೇ ದಾರ ಕಿತ್ತು ಅಂಚು ಬಿಚ್ಚಿ ನೋಡಿದೆ. ಕೇಶವಮೂರ್ತಿ, ಭಾರದ್ವಾಜ ಗೋತ್ರ, ಶ್ರವಣ ನಕ್ಷತ್ರ. ಹೊರಗೆಳೆದೆ.

ಭಾವ ಉಸಿರು ಬಿಟ್ಟರು. ಉದ್ದನೆಯ ಉಸಿರು. ಮತ್ತೆ ಎಳೆದುಕೊಳ್ಳಲಿಲ್ಲ. ನಾನು ಕೊಂದೆ ಕ್ಷಮಾ. ಅವರೇ ಕೇಳಿದರು, ಆದರೂ ಕೊಂದವಳು ನಾನೇ.

ಕತೆ ಇಲ್ಲಿಗೆ ಮುಗಿದಿದ್ದರೆ ನಿಮಗೆ ಹೇಳ್ತಲೇ ಇರಲಿಲ್ಲ. ಆ ಸುರುಳಿಯೊಳಗಿದ್ದ ಇನ್ನೊಂದು ಸುರುಳಿ ಪೀಠದೊಳಗೇ ಉಳಿದಿತ್ತು. ಅದೇ ರಮಕ್ಕನ ಗುಂಡು ಅಕ್ಷರ. ನಳಿನಾಕ್ಷಿ, ಕಾಶ್ಯಪ ಗೋತ್ರ, ಅನೂರಾಧ ನಕ್ಷತ್ರ.

ನನ್ನ ಎದೆಯ ಗಂಟು ಹೋದದ್ದು ಯಾಕೆ ಅಂತ ಆಗ ಗೊತ್ತಾಯ್ತು. ನನಗೆ ಒಂದು ಮಾತು ಹೇಳದೆ ಗಂಡನ ಹೆಸರಿನ ಜೊತೆ ನನ್ನದನ್ನೂ ಇಟ್ಟಿದ್ದಳು. ಅಕ್ಕ ಅಂದರೆ ಅಕ್ಕ…

ಭಾವನ ಹೆಸರಿನ ಮರೆ ಹೋಗಿತ್ತು, ಮುದುಕಿ ನನ್ನೆದುರು ಬಂದು ನಿಂತಳು. ಅಂಗೈ ಚಾಚಿದಳು. ಟಿಣ್. "ಮೈನ್" ಅಂದಳು, ಮೆಲ್ಲಗೆ. ಇದೊಂದನ್ನೂ ತೆಗೆದರೆ ಪೀಠ ಖಾಲಿ, ಅವಳ ಸಿಟ್ಟೂ ಮುಗಿಯಬಹುದು. ನನ್ನ ಆಯುಸ್ಸೂ. ಎರಡು ಹೆಜ್ಜೆ ಆಚೆ ಭಾವ ಬಿದ್ದಿದ್ದರು, ಇನ್ನೂ ಬಿಸಿ ಆರಿರಲಿಲ್ಲ. ನೀನು ನೆನಪಾದೆ. ನಿನ್ನ ಮದುವೆ ಇನ್ನೂ ಆಗಿರಲಿಲ್ಲ. ಅದೂ ಒಂದು ನೆಪ ಇರಬಹುದು. ನನಗೆ ಸಾಯೋಕೆ ಇಷ್ಟ ಇರಲಿಲ್ಲ ಅಷ್ಟೆ, ಆ ಮುದುಕಿಗೆ ಇರದಿದ್ದ ಹಾಗೇ.

ನನ್ನ ಹೆಸರನ್ನ ಇನ್ನೂ ಒಳಕ್ಕೆ ತಳ್ಳಿದೆ. ತಗಡನ್ನ ಹೆಬ್ಬೆರಳಲ್ಲಿ ಒತ್ತಿದೆ. ಕೂರಲಿಲ್ಲ. ಸುತ್ತಿಗೆ ತಗೊಂಡು ಬಡಿದೆ.

ಆಮೇಲೆ ಮೇಲಕ್ಕೆ ಓಡಿ, ಜಾರಿಬಿಟ್ಟರು ಅಂತ ಕಿರುಚಿದೆ.

ಹದಿಮೂರರ ದಿನ ರಮಕ್ಕ ನನ್ನ ಕೈಹಿಡಿದು, "ಅರವತ್ತು ಮುಟ್ಟಿದರಲ್ಲ ನಳಿನಿ, ಅಷ್ಟೇ ಸಮಾಧಾನ" ಅಂದಳು. ವಿಗ್ರಹ ನೀನೇ ಇಟ್ಕೋ, ನಿನಗೆ ಒಳ್ಳೆಯದು ಮಾಡಿದೆ ಅಂತ ಕೊಟ್ಟಳು. ನನ್ನ ಬಟ್ಟೆ ಬೀರುವಿನ ಮೇಲಿದೆಯಲ್ಲ, ಮೂಗಿನ ಮೇಲೆ ಬಣ್ಣ ಹೋದದ್ದು… ಅದೇ. ನೀವು ಬಂದಾಗಲೆಲ್ಲ ನೋಡಿದೀರಿ.

ಕಳೆದ ಫೆಬ್ರವರಿ ನೆನಪಿದೆಯಾ? ಹೈವೇಯ ಎಕ್ಸಿಟ್ 8A ಹತ್ತಿರ ನನ್ನ ಕಾರು ಟ್ರಕ್ಕಿನಡಿಗೆ ಹೋಯ್ತು. ಕಾರಿನ ಮೇಲ್ಭಾಗ ಕಿತ್ತುಹೋಗಿತ್ತು. ನೀವಿಬ್ಬರೂ ಆಸ್ಪತ್ರೆಗೆ ಓಡಿಬಂದು, ಅಮ್ಮನ ಪುಣ್ಯ ದೊಡ್ಡದು ಅಂದಿರಿ. ಸ್ಟಿಯರಿಂಗ್ ತಿರುಗಿಸಿದ್ದು ನಾನಲ್ಲ. ಪಕ್ಕದ ಸೀಟಿನಿಂದ ಒಂದು ಕೈ ಬಂತು. ಆಗಸ್ಟಿನಲ್ಲಿ ಪಕ್ಕೆಲುಬು ಮುರಿದದ್ದು ಬಾತ್‌ಟಬ್ಬಿನಲ್ಲಿ ಬಿದ್ದಲ್ಲ. ಎಡಗಡೆ ಕೂರಬೇಡ ಅಂದೆನಲ್ಲ, ಈ ಶಾಲು ಸರಿಸಿ ನೋಡು… ಮೆಲ್ಲಗೆ. ಇದು ಇವತ್ತು ಬೆಳಗ್ಗೆ ಆದದ್ದು. ಮೂಳೆ ಕಾಣ್ತಿದೆ ತಾನೆ? ಅಳಬೇಡ. ನೋವಿದೆ, ಸಾವಿಲ್ಲ. ಹೋದ ವಾರವೂ ಸ್ಕ್ಯಾನ್ ಕ್ಲೀನ್. ನೂರು ವರ್ಷ ಇರ್ತೀರಿ ಅಂದರು ಡಾಕ್ಟರು.

ನನಗೆ ಇನ್ನೂ ಬದುಕೋ ಆಸೆ ಇದೆ. ನಾಚಿಕೆ ಬಿಟ್ಟು ಹೇಳ್ತೀನಿ, ಇದೆ. ಆದರೆ ಭಾವ ಕೇಳಿದ ಹಾಗೆ ನಾನೂ ಒಂದು ದಿನ ಕೇಳ್ತೀನಿ. ಆಗ ನಿನ್ನ ಕೈ ನಡುಗಬಾರದು. ನನ್ನ ಹೆಸರು ತೆಗೆದ ಮೇಲೆ ವಿಗ್ರಹದೊಳಗೆ ಬೇರೆ ಯಾರ ಹೆಸರೂ ಇಡಬಾರದು. ಎಷ್ಟೇ ಪ್ರೀತಿ ಇರಲಿ, ಯಾರದೂ ಇಡಬಾರದು. ನಾನು ಕೇಳೋವರೆಗೆ ಮಾತ್ರ ಮುಟ್ಟಬೇಡ.

ಸ್ಕ್ರೂಡ್ರೈವರ್ ಅಡುಗೆಮನೆಯ ಎರಡನೇ ಡ್ರಾಯರಿನಲ್ಲಿದೆ, ಸೌಟುಗಳ ಕೆಳಗೆ. ನಂಬೋದು ಬಿಡೋದು ನಿಮಗೆ ಬಿಟ್ಟದ್ದು, ನಡೆದದ್ದು ನಡೆದ ಹಾಗೇ ಹೇಳಿದೀನಿ. ದಿನಾ ರಾತ್ರಿ ಆ ವಿಗ್ರಹ ಒರೆಸಿ, ಒಣಬಟ್ಟೆ ಸುತ್ತಿ ಇಡ್ತೀನಿ. ಬೆಳಗ್ಗೆ ಆ ಬಟ್ಟೆ ಒದ್ದೆಯಾಗಿರುತ್ತೆ.